ಒಂದು ಇಟ್ಟಿಗೆ ಇಡುವಷ್ಟು ಹೊತ್ತು

ಜೀವಕೋಶದ ಪೊರೆಯ ಒಳಮೈಯಲ್ಲಿ ಪಿಪ್-2 ಎಂಬ ಲಿಪಿಡ್, ಅಂದರೆ ಕೊಬ್ಬಿನಂಥ ಅಣು, ಇದೆ. ಪೊರೆಯ ಲಿಪಿಡ್‌ಗಳಲ್ಲಿ ಅದರ ಪಾಲು ಸುಮಾರು ಶೇಕಡಾ 1 ಮಾತ್ರ. ಆದರೂ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಎಲ್ಲಿ ಬೆಳೆಯಬೇಕು, ಎಲ್ಲಿ ಕರಗಬೇಕು ಎಂಬಲ್ಲಿ ಅದರ ಮಾತು ನಡೆಯುತ್ತದೆ. ಎಳೆಗಳನ್ನು ಕತ್ತರಿಸುವ ಕೋಫಿಲಿನ್ ಎಂಬ ಪ್ರೋಟೀನು ಪಿಪ್-2ಗೆ ಅಂಟಿಕೊಂಡರೆ ಕತ್ತರಿಸುವುದನ್ನು ನಿಲ್ಲಿಸುತ್ತದೆ. ಅದೇ ಪಿಪ್-2 ಎನ್-ವಾಸ್ಪ್ ಪ್ರೋಟೀನನ್ನು ಎಚ್ಚರಿಸುತ್ತದೆ. ಆಗ ಆರ್ಪ್2/3 ಎಂಬ ಪ್ರೋಟೀನುಗಳ ಗುಂಪು ಹಳೆಯ ಎಳೆಯ ಮೇಲೆ ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಮೂಡಿಸುತ್ತದೆ.

ವಿದ್ಯಾರ್ಥಿಗಳು ಇದನ್ನೆಲ್ಲ ಒಂದು ಬಾಣದ ಗುರುತಾಗಿ ಬರೆದು ನನ್ನ ಬಳಿಗೆ ತರುತ್ತಾರೆ: ಪಿಪ್-2 ಹೆಚ್ಚಿದರೆ ಆಕ್ಟಿನ್ ಹೆಚ್ಚುತ್ತದೆ. ಬಾಣ ತಪ್ಪಲ್ಲ. ಆದರೆ ಎಷ್ಟು ಹೊತ್ತಿನಲ್ಲಿ ಎಂಬುದು ಅದರಲ್ಲಿಲ್ಲ.

ಕಾಗದದ ಮೇಲೆಯೇ ಲೆಕ್ಕ ಹಾಕೋಣ. ಪಿಪ್-2 ಪೊರೆಯಲ್ಲಿ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆಯಾದ ವಿಸರಣ ಗುಣಾಂಕ ಸೆಕೆಂಡಿಗೆ ಸುಮಾರು 1 ಚದರ ಮೈಕ್ರೋಮೀಟರ್. 200 ನ್ಯಾನೋಮೀಟರ್‌ನ ಒಂದು ಪಿಪ್-2 ತೇಪೆ ಚದುರಿಹೋಗಲು ಬೇಕಾದ ಕಾಲವೆಂದರೆ ಆ ದೂರದ ವರ್ಗವನ್ನು ಗುಣಾಂಕದ ನಾಲ್ಕರಷ್ಟರಿಂದ ಭಾಗಿಸಿದಷ್ಟು, ಅಂದರೆ ಸೆಕೆಂಡಿನ ನೂರರಲ್ಲೊಂದು ಭಾಗ. ಆಕ್ಟಿನ್ ಸಾಂದ್ರತೆ 10 ಮೈಕ್ರೋಮೋಲಾರ್ ಇದ್ದಾಗ ಎಳೆಯ ಚುರುಕು ತುದಿಗೆ ಸೆಕೆಂಡಿಗೆ ಸುಮಾರು 116 ಘಟಕಗಳು ಸೇರುತ್ತವೆ, ಒಂದೊಂದೂ ಎಳೆಯನ್ನು 2.7 ನ್ಯಾನೋಮೀಟರ್ ಉದ್ದ ಮಾಡುತ್ತದೆ. ತೇಪೆ ಕರಗುವಷ್ಟರಲ್ಲಿ ಎಳೆಗೆ ಸೇರುವುದು ಹೆಚ್ಚುಕಡಿಮೆ ಒಂದೇ ಘಟಕ, ಒಂದೇ ಇಟ್ಟಿಗೆ! ಈ ಲೆಕ್ಕ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಹಾಗಾದರೆ ಲಿಪಿಡನ್ನು ಯಾವುದೋ ಹಿಡಿದಿಟ್ಟಿರಲೇಬೇಕು. ಕದಲದ ಪ್ರೋಟೀನುಗಳಿಗೆ ಹತ್ತರಲ್ಲಿ ಒಂಬತ್ತು ಪಿಪ್-2 ಅಣುಗಳು ಅಂಟಿವೆ ಎಂದು ಈ ಲೆಕ್ಕದ ಮಾದರಿಯಲ್ಲಿ ಸೇರಿಸಿದೆವೆನ್ನಿ. ಹರಡುವ ವೇಗ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಎಳೆ 30 ನ್ಯಾನೋಮೀಟರ್ ಬೆಳೆಯುತ್ತದೆ. 200 ನ್ಯಾನೋಮೀಟರ್ ತೇಪೆಯ ಎದುರು ಅದು ಇನ್ನೂ ಸಾಲದು. ಚದುರಿದ್ದನ್ನು ಅಲ್ಲಿಯೇ ಮತ್ತೆ ತಯಾರಿಸಬೇಕು, ಇಲ್ಲವೇ ಆಕ್ಟಿನ್ ತಾನೇ ಲಿಪಿಡನ್ನು ಕಟ್ಟಿಹಾಕಬೇಕು.

ಎರಡನೆಯದು ಬರಿಯ ಊಹೆಯಲ್ಲ. ಬೆಂಗಳೂರಿನಲ್ಲಿ ವಿಜ್ಞಾನಿಗಳಾದ ಸತ್ಯಜಿತ್ ಮೇಯರ್ ಮತ್ತು ಮದನ್ ರಾವ್ ಅವರ ತಂಡಗಳು 2012ರಲ್ಲಿ, ಪೊರೆಯ ಕೆಳಗೆ ಗಿಡ್ಡ ಆಕ್ಟಿನ್ ಎಳೆಗಳು ನಕ್ಷತ್ರದಂತೆ ಕೂಡಿಕೊಂಡು ಪೊರೆಯ ಅಣುಗಳನ್ನು ಗುಂಪುಗೂಡಿಸುತ್ತವೆ ಎಂಬ ಮಾದರಿಯನ್ನು ಮುಂದಿಟ್ಟವು. ಈ ಹಿಡಿತ ಪೊರೆಯ ಹೊರಮೈಗೆ ತಲುಪಲು ಒಳಮೈಯ ಫಾಸ್ಫಟೈಡಿಲ್‌ಸೆರಿನ್ ಎಂಬ ಇನ್ನೊಂದು ಲಿಪಿಡ್ ಬೇಕೆಂದು 2015ರಲ್ಲಿ ತೋರಿಸಿದವು. ಬಾಣ ಎರಡೂ ಕಡೆಗೆ ಹೋಗುತ್ತದೆ.

ಹೀಗಾಗಿ ಹೊಸ ಮಾದರಿಗೆ ಕೈಹಾಕುವ ಮುನ್ನ ಪ್ರಯೋಗಾಲಯದವರನ್ನು ನಾನು ಕೇಳುವುದು ಒಂದೇ ಅಂಕಿ: ಪಿಪ್-2ಗೆ ಹೊಳೆಯುವ ಗುರುತು ಹಚ್ಚಿ, ಲೇಸರ್‌ನಿಂದ ಒಂದು ಚುಕ್ಕೆಯ ಹೊಳಪನ್ನು ಆರಿಸಿದರೆ, ಸುತ್ತಲಿನ ಅಣುಗಳು ಹರಡಿ ಬಂದು ಆ ಹೊಳಪು ಮರಳಲು ಎಷ್ಟು ಸೆಕೆಂಡು ಹಿಡಿಯುತ್ತದೆ?