ಮೂರು ಗುಂಡಿನ ಗ್ರೂಪ್ ನಂಬಿ 1,000 ಮೀಟರ್‌ಗೆ ಹೋಗಬೇಡಿ

ಕಾಡತೂಸನ್ನು ತಾವೇ ತುಂಬಿಕೊಳ್ಳುವ ಶೂಟರ್‌ಗಳು ನನ್ನ ಹತ್ತಿರ ಬರುವಾಗ ಸಾಮಾನ್ಯವಾಗಿ ಒಂದು ಕಾಗದದ ಟಾರ್ಗೆಟ್ ಹಿಡಿದುಕೊಂಡು ಬರುತ್ತಾರೆ. 100 ಮೀಟರ್‌ನಲ್ಲಿ ಹೊಡೆದ ಮೂರು ಗುಂಡು, ಮೂರೂ ಹೆಚ್ಚುಕಡಿಮೆ ಒಂದೇ ತೂತು. "ಲೋಡ್ ಸಿಕ್ಕಿತು ಅಲ್ವಾ ಸರ್?" ಎಂದು ಕೇಳುತ್ತಾರೆ. ಹೀಗೆ ಒಟ್ಟಾಗಿ ಬಿದ್ದ ತೂತುಗಳ ಗುಂಪೇ ಗ್ರೂಪ್; ಕಾಡತೂಸಿನಲ್ಲಿ ಯಾವ ಮದ್ದು ಎಷ್ಟು, ಯಾವ ಗುಂಡು ಎಂಬ ಹೊಂದಾಣಿಕೆಯೇ ಲೋಡ್. ನಾನು ಕೇಳುವುದು ಎರಡೇ ಪ್ರಶ್ನೆ. ಇದೇ ಲೋಡ್‌ನಲ್ಲಿ ಒಟ್ಟು ಎಷ್ಟು ಗುಂಡು ಹೊಡೆದಿರಿ? ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಏನು ಹೇಳಿತು? ಬಹಳ ಸಲ ಎರಡಕ್ಕೂ ಉತ್ತರ ಇರುವುದಿಲ್ಲ. ಆದರೂ ಅವರು ಇನ್ನೂರು ಕಾಡತೂಸು ತುಂಬಿ ಪಂದ್ಯಕ್ಕೆ ಸಿದ್ಧರಾಗಿರುತ್ತಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಯಾವ ಮದ್ದು, ಎಷ್ಟು ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಎಂಬುದನ್ನು ಈ ಅಂಕಣದಲ್ಲಿ ಕೊಡುವುದಿಲ್ಲ. ಅದಕ್ಕೆ ಮದ್ದು ಮತ್ತು ಗುಂಡು ತಯಾರಿಸುವವರು ಪರೀಕ್ಷೆ ಮಾಡಿ ಅಚ್ಚು ಹಾಕಿಸಿದ ಕೈಪಿಡಿಗಳಿವೆ. ಕಾಡತೂಸು ತುಂಬಲು ನೀವಿರುವ ಕಡೆ ಕಾನೂನು ಒಪ್ಪುತ್ತದೆಯೇ, ಪರವಾನಗಿ ಬೇಕೇ ಎಂಬುದನ್ನೂ ಮೊದಲು ನೋಡಿಕೊಳ್ಳಿ. ನಾನು ಹೇಳಹೊರಟಿರುವುದು ಅದರ ನಂತರದ ಕೆಲಸ. ತುಂಬಿದ ಕಾಡತೂಸು ದೂರಕ್ಕೆ ಲಾಯಕ್ಕೇ ಅಂತ ತೀರ್ಮಾನಿಸುವುದು ಹೇಗೆ ಎಂಬುದು.

ಒಂದು ಲೆಕ್ಕದಿಂದ ಶುರು ಮಾಡೋಣ. 6.5 ಕ್ರೀಡ್‌ಮೂರ್ ಎಂಬ ಕಾಡತೂಸಿನ ರೈಫಲ್ ತೆಗೆದುಕೊಳ್ಳಿ. 140 ಗ್ರೇನ್ ತೂಕದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡು ಗುಂಡುಗಳ ವೇಗದಲ್ಲಿ 10 ಮೀಟರ್ ವ್ಯತ್ಯಾಸ ಇದೆ ಅಂದುಕೊಳ್ಳಿ. 100 ಮೀಟರ್‌ನಲ್ಲಿ ನಿಧಾನದ ಗುಂಡು ಎಷ್ಟು ಕೆಳಗೆ ಬೀಳುತ್ತದೆ? ಸುಮಾರು 2 ಮಿಲಿಮೀಟರ್. ಗುಂಡಿನ ತೂತೇ ಆರೂವರೆ ಮಿಲಿಮೀಟರ್ ಅಗಲ ಇರುವಾಗ ಇದು ಕಣ್ಣಿಗೇ ಕಾಣುವುದಿಲ್ಲ. ಅದೇ ಎರಡು ಗುಂಡು 1,000 ಮೀಟರ್‌ಗೆ ಹೋದರೆ ಒಂದಕ್ಕಿಂತ ಇನ್ನೊಂದು ಸುಮಾರು 25 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ದೂರ ಹತ್ತು ಪಟ್ಟಾಯಿತು, ತಪ್ಪು ನೂರು ಪಟ್ಟಿಗಿಂತಲೂ ಜಾಸ್ತಿಯಾಯಿತು. ಗುಂಡು ಗಾಳಿಯಲ್ಲಿರುವ ಹೊತ್ತು ಹೆಚ್ಚಿದಷ್ಟೂ ಕೆಳಗೆ ಬೀಳುವ ವೇಗವೂ ಏರುತ್ತಾ ಹೋಗುತ್ತದೆ, ಅದಕ್ಕೇ ಹೀಗೆ.

ರೈಫಲನ್ನು ಆಸರೆಯ ಮೇಲಿಟ್ಟು ದೂರಕ್ಕೆ ಹೊಡೆಯುವ ಎಫ್-ಕ್ಲಾಸ್ ಪಂದ್ಯದಲ್ಲಿ 1,000 ಗಜಕ್ಕೆ ಇಡುವ ಟಾರ್ಗೆಟ್ ನೋಡಿದವರಿಗೆ ಈ 25 ಸೆಂಟಿಮೀಟರ್ ಏನೆಂದು ಗೊತ್ತು. ಅಲ್ಲಿ ಹತ್ತು ಅಂಕದ ವೃತ್ತದ ಅಡ್ಡಗಲವೇ 10 ಇಂಚು, ಅಂದರೆ ಇಷ್ಟೇ. ವೇಗದ ಏರುಪೇರೊಂದೇ ಇಡೀ ವೃತ್ತವನ್ನು ನುಂಗಿಬಿಟ್ಟರೆ ಗಾಳಿಗೆ, ಕೈತಪ್ಪಿಗೆ ಜಾಗ ಎಲ್ಲಿ? 100 ಮೀಟರ್‌ನ ಕಾಗದ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ರೈಫಲ್, ದುರ್ಬೀನು, ನಿಮ್ಮ ಹಿಡಿತ ಸರಿಯಿದೆ ಅಂತ ಮಾತ್ರ ಅದು ಹೇಳಬಲ್ಲದು.

ಹಾಗಾದರೆ ವೇಗ ಅಳೆದರೆ ಸಾಕಲ್ಲ ಎನ್ನುತ್ತೀರಿ. ಸಾಕು, ಆದರೆ ಸಾಕಷ್ಟು ಅಳೆಯಬೇಕು. ನನ್ನ ಮಟ್ಟಿಗೆ ಈ ಕೆಲಸದ ಅತಿ ದೊಡ್ಡ ಮೋಸ ಇರುವುದು ಇಲ್ಲೇ. ಐದು ಗುಂಡು ಹೊಡೆದು ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಸೆಕೆಂಡಿಗೆ 3 ಮೀಟರ್ ಬಂತು ಎಂದು ಖುಷಿಪಡುತ್ತಾರೆ. ಸಂಖ್ಯಾಶಾಸ್ತ್ರದ ಪ್ರಕಾರ ಐದೇ ಗುಂಡಿನಿಂದ ಸಿಕ್ಕ 3ರ ಹಿಂದಿರುವ ನಿಜವಾದ ಬೆಲೆ 1.8ರಿಂದ 8.6ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಇದನ್ನು ಶೇ 95ರ ಭರವಸೆಯಿಂದ ಹೇಳಬಹುದು, ಅಷ್ಟೇ. ಹತ್ತು ಗುಂಡು ಹೊಡೆದರೆ ಈ ಹರವು 2ರಿಂದ 5.5ಕ್ಕೆ ಇಳಿಯುತ್ತದೆ. ಇಪ್ಪತ್ತಾದರೆ 2.3ರಿಂದ 4.4. ಅಂದರೆ ಐದು ಗುಂಡಿನ ಅಂಕಿ ನೋಡಿ "ಈ ಲೋಡ್ ಆ ಲೋಡಿಗಿಂತ ಚೆನ್ನಾಗಿದೆ" ಎನ್ನುವುದಕ್ಕೆ ಆಧಾರವೇ ಇಲ್ಲ.

ಗ್ರೂಪಿನ ಅಳತೆಗೂ ಇದೇ ಮಾತು. ಒಂದೇ ರೈಫಲ್, ಒಂದೇ ಲೋಡ್, ಒಬ್ಬನೇ ಶೂಟರ್. ಮೂರು ಗುಂಡಿನ ಗ್ರೂಪುಗಳ ಸರಾಸರಿ 1 ಇಂಚು ಬಂದರೆ, ಐದು ಗುಂಡಿನದು ಸುಮಾರು 1.27 ಇಂಚು ಬರುತ್ತದೆ. ಹತ್ತು ಗುಂಡಿನದು 1.58. ಲೋಡ್ ಕೆಟ್ಟಿಲ್ಲ. ಹೆಚ್ಚು ಗುಂಡು ಹೊಡೆದಷ್ಟೂ ಅಂಚಿನ ಗುಂಡು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೆ. ಇನ್ನೂ ಒಂದಿದೆ. ಒಂದೇ ಲೋಡ್‌ನ ಹತ್ತು ಗ್ರೂಪ್‌ಗಳನ್ನು ಮೂರು ಮೂರು ಗುಂಡಿನಂತೆ ಹೊಡೆದರೆ, ಚಿಕ್ಕದಕ್ಕೂ ದೊಡ್ಡದಕ್ಕೂ ಮೂರು ಪಟ್ಟು ವ್ಯತ್ಯಾಸ ಬರುವುದು ಸಾಮಾನ್ಯ.

ಈಗ ಹೆಚ್ಚಿನವರು ಲೋಡ್ ಹುಡುಕುವ ಕ್ರಮ ನೆನಪಿಸಿಕೊಳ್ಳಿ. ಮದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹತ್ತು ಹಂತ, ಪ್ರತಿ ಹಂತಕ್ಕೆ ಮೂರು ಗುಂಡು. ಯಾವ ಹಂತದ ಗ್ರೂಪ್ ಚಿಕ್ಕದೋ ಅದನ್ನೇ 'ನೋಡ್' (ನಳಿಗೆಯ ಕಂಪನಕ್ಕೆ ಹೊಂದುವ ಪ್ರಮಾಣ) ಎಂದು ಕರೆದು ಅಲ್ಲಿಗೆ ನಿಲ್ಲುತ್ತಾರೆ. ಹತ್ತು ಸಲ ಕವಡೆ ಎಸೆದು, ಚೆನ್ನಾಗಿ ಬಿದ್ದ ಸಲ ಯಾವ ಕೈಯಲ್ಲಿ ಎಸೆದೆ ಎಂದು ಹುಡುಕಿದ ಹಾಗೆ. ಅದೇ ಪರೀಕ್ಷೆಯನ್ನು ಮತ್ತೊಂದು ದಿನ ಮಾಡಿ ನೋಡಿ. 'ನೋಡ್' ಬೇರೆ ಕಡೆಗೆ ಹೋಗಿರುತ್ತದೆ. ಒಂದೊಂದೇ ಗುಂಡು ಹೊಡೆದು ವೇಗದ ಗೆರೆ ಎಲ್ಲಿ ಸಪಾಟಾಗುತ್ತದೆ ಎಂದು ನೋಡುವವರೂ ಇದ್ದಾರೆ. ಅದರಲ್ಲಿ ಕಾಣುವ ಸಪಾಟು ಜಾಗ ಬಹಳ ಸಲ ಬರೀ ಆಕಸ್ಮಿಕ. ಮದ್ದು ಹೆಚ್ಚಿದಂತೆ ವೇಗ ಹೆಚ್ಚುತ್ತಲೇ ಇರುತ್ತದೆ. ನಡುವೆ ನಿಂತಂತೆ ಕಾಣುವುದು ಆ ಗುಂಡುಗಳ ಸಹಜ ಏರುಪೇರು.

ನಳಿಗೆಯ ಕಂಪನಕ್ಕೆ ಅರ್ಥವೇ ಇಲ್ಲ ಎನ್ನುತ್ತಿಲ್ಲ. ಹಳೆಯ .303 ಲೀ-ಎನ್‌ಫೀಲ್ಡ್ ರೈಫಲ್‌ಗಳಲ್ಲಿ ಅದರ ಪರಿಣಾಮವನ್ನು ಬಹಳ ಹಿಂದೆಯೇ ಗುರುತಿಸಿದ್ದರು. ನಿಧಾನದ ಗುಂಡು ನಳಿಗೆಯ ಬಾಯಿ ಸ್ವಲ್ಪ ಮೇಲೆದ್ದಾಗ ಹೊರಟು, ದೂರದಲ್ಲಿ ವೇಗದ ಗುಂಡಿನ ಮಟ್ಟಕ್ಕೇ ಬಂದು ಸೇರುತ್ತಿತ್ತು. ಆದರೆ ಅಂಥ ಪರಿಣಾಮ ನಿಮ್ಮ ರೈಫಲ್‌ನಲ್ಲಿ ಇದೆಯೇ ಎಂದು ಮೂರು ಗುಂಡಿನಿಂದ ತಿಳಿಯುವುದು ಸಾಧ್ಯವಿಲ್ಲ.

ವೇಗ ಒಂದೇ ಸಮ ಬರಬೇಕಾದರೆ ಏನು ಮಾಡಬೇಕು? ಮದ್ದಿನ ತೂಕ ಎಲ್ಲರಿಗೂ ಮೊದಲು ಹೊಳೆಯುವ ವಿಷಯ. .308 ಅಥವಾ 6.5 ಕ್ರೀಡ್‌ಮೂರ್ ಗಾತ್ರದ ಕೇಸ್‌ನಲ್ಲಿ (ಮದ್ದು ತುಂಬುವ ಹಿತ್ತಾಳೆ ಕೊಳವೆಯಲ್ಲಿ) 0.1 ಗ್ರೇನ್ ಮದ್ದು ಹೆಚ್ಚುಕಡಿಮೆಯಾದರೆ ವೇಗ ಸುಮಾರು ಒಂದೂವರೆಯಿಂದ ಎರಡು ಮೀಟರ್ ಬದಲಾಗುತ್ತದೆ. ಉದ್ದ ಕಾಳಿನ ಮದ್ದಿನ ಒಂದು ಕಾಳು ಸುಮಾರು 0.02 ಗ್ರೇನ್. ಒಂದೊಂದು ಕಾಳನ್ನೂ ಚಿಮುಟದಲ್ಲಿ ಎತ್ತಿ ತೂಗುವವರ ಶ್ರದ್ಧೆಗೆ ನನ್ನ ಗೌರವವಿದೆ. ಆದರೆ ಲೆಕ್ಕ ನೋಡಿ. ಬೇರೆ ಬೇರೆ ಕಾರಣಗಳಿಂದ ಬರುವ ಏರುಪೇರು ನೇರವಾಗಿ ಕೂಡುವುದಿಲ್ಲ, ಅವುಗಳ ವರ್ಗಗಳು ಕೂಡುತ್ತವೆ. ಕೇಸ್, ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಟೋಪಿ), ಗುಂಡಿನ ಮೇಲೆ ಕೇಸ್‌ನ ಕತ್ತಿನ ಹಿಡಿತ ಸೇರಿ 3 ಮೀಟರ್ ಏರುಪೇರು, ತೂಕದ ತಪ್ಪಿನಿಂದ 1 ಮೀಟರ್ ಇದ್ದರೆ ಒಟ್ಟು 3.16. ತೂಕದ ತಪ್ಪನ್ನು ಪೂರ್ತಿ ತೆಗೆದುಹಾಕಿದರೂ 3. ಅಷ್ಟು ಹೊತ್ತು ಖರ್ಚು ಮಾಡಿ ಗಳಿಸಿದ್ದು 0.16 ಮೀಟರ್! ಮೊದಲು ದೊಡ್ಡ ತಪ್ಪನ್ನು ಹಿಡಿಯಬೇಕು.

ದೊಡ್ಡ ತಪ್ಪು ಸಾಮಾನ್ಯವಾಗಿ ಕೇಸ್‌ನಲ್ಲಿರುತ್ತದೆ. ಹಿತ್ತಾಳೆ ಪ್ರತಿ ಸಲ ಹಿಗ್ಗಿ ಕುಗ್ಗಿದಾಗಲೂ ಗಡುಸಾಗುತ್ತದೆ. ಒಂದು ಸಲ ಹೊಡೆದ ಕೇಸ್, ಆರು ಸಲ ಹೊಡೆದ ಕೇಸ್ ಎರಡನ್ನೂ ಬೆರೆಸಿದರೆ ಕತ್ತು ಗುಂಡನ್ನು ಹಿಡಿಯುವ ಬಲ ಒಂದೊಂದರಲ್ಲಿ ಒಂದೊಂದು ತರಹ ಆಗುತ್ತದೆ. ಕತ್ತನ್ನು ಹದವಾಗಿ ಕಾಯಿಸಿ ಮೆದುಗೊಳಿಸುವ ಅನೀಲಿಂಗ್ ಇದಕ್ಕೇ ಬೇಕು. ಹಾಗೆ ಮಾಡುವಾಗ ಕೇಸ್‌ನ ತಳಕ್ಕೆ ಬಿಸಿ ತಾಗಲೇಬಾರದು. ಒತ್ತಡ ತಡೆಯುವುದು ಆ ತಳ. ಒಂದೇ ತಯಾರಕರ ಒಂದೇ ಲಾಟ್‌ನ ಕೇಸ್ ತೆಗೆದುಕೊಂಡು, ಅಷ್ಟನ್ನೂ ಒಟ್ಟಿಗೇ ಹಳೆಯದಾಗಿಸಿ. ಕೇಸ್‌ಗಳನ್ನು ತೂಗಿ ತೂಗಿ ಬೇರ್ಪಡಿಸುವುದಕ್ಕಿಂತ ಇದರಿಂದ ಸಿಗುವ ಲಾಭ ಜಾಸ್ತಿ ಎಂಬುದು ನನ್ನ ಅನುಭವ.

ಬಿಸಿಯನ್ನು ಜನ ಮರೆಯುತ್ತಾರೆ. ಮದ್ದು ಬಿಸಿಯಾದರೆ ಒತ್ತಡ ಏರುತ್ತದೆ, ವೇಗವೂ ಏರುತ್ತದೆ. ಕೆಲವು ಮದ್ದು ಕಡಿಮೆ ಏರುತ್ತದೆ, ಕೆಲವು ತುಂಬಾ ಏರುತ್ತದೆ. ಕಾಡತೂಸಿನ ಡಬ್ಬಿಯನ್ನು ಬಿಸಿಲಿನಲ್ಲಿ ಇಟ್ಟು, ಗಾಳಿ ನಿಲ್ಲಲಿ ಎಂದು ಕಾಯುತ್ತಾ ಕಾದ ಚೇಂಬರ್‌ನಲ್ಲಿ ಕಾಡತೂಸು ಬಿಟ್ಟರೆ, ಆ ಒಂದು ಗುಂಡು ಮೇಲೆ ಹೋಗುತ್ತದೆ. ಆಮೇಲೆ ಲೋಡನ್ನು ಬೈಯುತ್ತೇವೆ. ಡಬ್ಬಿ ನೆರಳಲ್ಲಿರಲಿ. ಹೊಡೆಯುವುದು ಖಚಿತವಾದ ಮೇಲೆ ಕಾಡತೂಸನ್ನು ಒಳಗೆ ಹಾಕಿ.

ಗುಂಡನ್ನು ಕೇಸ್‌ನೊಳಗೆ ಎಷ್ಟು ಆಳ ಕೂರಿಸಬೇಕು ಎಂಬುದರ ಬಗ್ಗೆ ಮುಗಿಯದಷ್ಟು ಚರ್ಚೆ ಇದೆ. ಉದ್ದನೆಯ ಚೂಪು ಮೂಗಿನ ಕೆಲವು ಗುಂಡುಗಳು ನಳಿಗೆಯೊಳಗಿನ ಸುರುಳಿ ಗೀರುಗಳು (ರೈಫ್ಲಿಂಗ್) ಶುರುವಾಗುವ ಅಂಚಿನಿಂದ ಎಷ್ಟು ದೂರದಲ್ಲಿವೆ ಎಂಬುದಕ್ಕೆ ಸೂಕ್ಷ್ಮವಾಗಿ ಸ್ಪಂದಿಸುತ್ತವೆ, ಕೆಲವಕ್ಕೆ ಅದರ ಗೊಡವೆಯೇ ಇಲ್ಲ. ಆ ಅಂಚು ಹೊಡೆದಂತೆಲ್ಲ ಸವೆದು ಮುಂದೆ ಸರಿಯುತ್ತದೆ ಎಂಬುದನ್ನು ನೆನಪಿಡಿ. ಅದನ್ನು ಬೆನ್ನಟ್ಟುತ್ತಲೇ ಇರಬೇಕಾದ ಲೋಡ್ ನನಗೆ ಬೇಡ. ಗುಂಡು ಅಂಚಿಗೆ ಒತ್ತಿ ಕೂತರೆ ಒತ್ತಡ ಏರುತ್ತದೆ, ಅದನ್ನೂ ಮರೆಯಬೇಡಿ.

ಗುಂಡಿನ ಆಯ್ಕೆಯಲ್ಲಿ ದೂರದ ಶೂಟರ್ ನೋಡಬೇಕಾದ್ದು ಶಬ್ದದ ವೇಗ. 15 ಡಿಗ್ರಿ ಹವೆಯಲ್ಲಿ ಅದು ಸೆಕೆಂಡಿಗೆ ಸುಮಾರು 340 ಮೀಟರ್. ಗುಂಡು ಟಾರ್ಗೆಟ್ ಮುಟ್ಟುವ ಮೊದಲೇ ಆ ವೇಗದ ಹತ್ತಿರಕ್ಕೆ ಇಳಿದರೆ ಕೆಲವು ಗುಂಡುಗಳು ತೂರಾಡಲು ಶುರು ಮಾಡುತ್ತವೆ. 1876ರಲ್ಲಿ ಅಮೆರಿಕದ ಕ್ರೀಡ್‌ಮೂರ್‌ನಲ್ಲಿ ಶುರುವಾದ ಪಾಮಾ ಪಂದ್ಯದ ಶೂಟರ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಈಗಿನ ನಿಯಮದಲ್ಲಿ ಅವರು .308 ರೈಫಲ್‌ನಲ್ಲಿ 156 ಗ್ರೇನ್‌ಗಿಂತ ಹಗುರದ ಗುಂಡಿನಿಂದಲೇ 1,000 ಗಜ ಹೊಡೆಯಬೇಕು. ಅಷ್ಟು ದೂರ ಗುಂಡು ಶಬ್ದಕ್ಕಿಂತ ವೇಗವಾಗಿಯೇ ಹೋಗಲಿ ಎಂದು ಉದ್ದನೆಯ ನಳಿಗೆ ಹಾಕಿಸಿಕೊಳ್ಳುತ್ತಾರೆ.

ಇನ್ನು ವೇಗದ ಆಸೆ. .308 ವಿಂಚೆಸ್ಟರ್‌ಗೆ ಬಂದೂಕು-ಕಾಡತೂಸುಗಳ ಮಾನದಂಡ ನಿಗದಿ ಮಾಡುವ ಅಮೆರಿಕದ ಸಾಮಿ ಸಂಸ್ಥೆ ಇಟ್ಟ ಒತ್ತಡದ ಮಿತಿ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಅದು ನಿಮ್ಮ ಕೆನ್ನೆಯಿಂದ ಕೆಲವೇ ಇಂಚು ದೂರದಲ್ಲಿ ಆಗುವ ಕೆಲಸ. ಬೋಲ್ಟ್ ಎತ್ತಲು ಬಿಗಿಯಾಗುವುದು, ಕೇಸ್‌ನ ತಳದಲ್ಲಿ ಹೊಳೆಯುವ ಗುರುತು, ಪ್ರೈಮರ್ ಚಪ್ಪಟೆಯಾಗುವುದು ಇವೆಲ್ಲ ಅಪಾಯದ ಗುರುತು ಎನ್ನುತ್ತಾರೆ. ನಿಜ, ಆದರೆ ಇವು ಕಾಣುವಷ್ಟರಲ್ಲಿ ಮಿತಿ ದಾಟಿ ಬಹಳವಾಗಿರಬಹುದು. ಕ್ರೋನೋಗ್ರಾಫ್ ಇದಕ್ಕಿಂತ ಮೊದಲೇ ಎಚ್ಚರಿಸುತ್ತದೆ. ಅಷ್ಟೇ ಉದ್ದದ ನಳಿಗೆಗೆ ಕೈಪಿಡಿ ಹೇಳಿದ ಗರಿಷ್ಠ ವೇಗ ಮುಟ್ಟಿದರೆ, ತಕ್ಕಡಿ ಏನೇ ಹೇಳಲಿ, ನೀವು ಗರಿಷ್ಠ ಒತ್ತಡದ ಹತ್ತಿರ ಇದ್ದೀರಿ. ಅಲ್ಲಿಗೆ ನಿಲ್ಲಿಸಿ. ಮದ್ದಿನ ಲಾಟ್, ಪ್ರೈಮರ್, ಕೇಸ್, ಗುಂಡು ಇವುಗಳಲ್ಲಿ ಯಾವುದು ಬದಲಾದರೂ ಕೈಪಿಡಿಯ ಕೆಳಗಿನ ಅಂಕಿಯಿಂದ ಮತ್ತೆ ಶುರು ಮಾಡಬೇಕು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಲಿ. ಈ ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿಯಾಗುವುದಿಲ್ಲ.

ದೂರದ ಟಾರ್ಗೆಟ್ ಓದುವಾಗ ಮೇಲೆ-ಕೆಳಗಿನ ಹರವನ್ನೂ ಅಕ್ಕಪಕ್ಕದ ಹರವನ್ನೂ ಬೇರೆ ಬೇರೆ ಅಳೆಯಿರಿ. ಮೇಲೆ-ಕೆಳಗಿನದು ಹೆಚ್ಚಾಗಿ ಕಾಡತೂಸಿನದು ಮತ್ತು ನಿಮ್ಮ ಹಿಡಿತದ್ದು. ಅಕ್ಕಪಕ್ಕದ್ದು ಹೆಚ್ಚಾಗಿ ಗಾಳಿಯದು. ಪೂರ್ತಿ ಹೀಗೇ ಅಂತ ಅಲ್ಲ. ಬಲಕ್ಕೆ ತಿರುಗುವ ರೈಫ್ಲಿಂಗ್‌ನಲ್ಲಿ ಬಲಗಡೆಯಿಂದ ಬೀಸುವ ಗಾಳಿ ಗುಂಡನ್ನು ಎಡಕ್ಕೆ ತಳ್ಳುವುದರ ಜೊತೆ ಸ್ವಲ್ಪ ಮೇಲಕ್ಕೂ ಎತ್ತುತ್ತದೆ. ಎಡಗಡೆಯ ಗಾಳಿ ಸ್ವಲ್ಪ ಕೆಳಕ್ಕೆ ಇಳಿಸುತ್ತದೆ. ಅದು ಗೊತ್ತಿಲ್ಲದೆ ಮದ್ದು ಬದಲಾಯಿಸಿದವರನ್ನು ಕಂಡಿದ್ದೇನೆ.

ಮೇಲೆ ಹೇಳಿದ 6.5 ಕ್ರೀಡ್‌ಮೂರ್ ಗುಂಡನ್ನೇ ನೋಡಿ. ಅಡ್ಡಗಾಳಿಯನ್ನು ಸೆಕೆಂಡಿಗೆ ಒಂದೇ ಒಂದು ಮೀಟರ್ ತಪ್ಪಾಗಿ ಅಂದಾಜು ಮಾಡಿದರೆ 1,000 ಮೀಟರ್‌ನಲ್ಲಿ 40 ಸೆಂಟಿಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. ಒಂದು ಮೀಟರ್ ಗಾಳಿ ಮುಖಕ್ಕೆ ತಾಗಿದರೂ ಗೊತ್ತಾಗುವುದು ಕಷ್ಟ. ವೇಗದ ಸ್ಟ್ಯಾಂಡರ್ಡ್ ಡೀವಿಯೇಷನ್ 3 ಮೀಟರ್ ಇದ್ದರೆ ಮೇಲೆ-ಕೆಳಗೆ ಆಗುವುದು ಸುಮಾರು ಏಳೂವರೆ ಸೆಂಟಿಮೀಟರ್. ಅದನ್ನು 2 ಮೀಟರ್‌ಗೆ ಇಳಿಸಲು ಒಂದು ಇಡೀ ಋತು ಕಳೆಯುವವರಿಗೆ ನಾನು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ತೋರಿಸುತ್ತೇನೆ.

6.5 ಕ್ರೀಡ್‌ಮೂರ್ ನಳಿಗೆಯೊಂದು ಪಂದ್ಯದ ಮಟ್ಟದಲ್ಲಿ ಸಾಮಾನ್ಯವಾಗಿ 2,000ದಿಂದ 3,000 ಗುಂಡು ಬಾಳುತ್ತದೆ. ಅದರಲ್ಲಿ ಲೋಡ್ ಹುಡುಕಲು 100 ಗುಂಡು ಸಾಕು ಎನ್ನುತ್ತೇನೆ. ಕೆಳಗಿನಿಂದ ಏರುತ್ತಾ ಒತ್ತಡ ನೋಡಲು 20. ಗರಿಷ್ಠಕ್ಕಿಂತ ಸಾಕಷ್ಟು ಕೆಳಗೆ ಒಂದು ಪ್ರಮಾಣ ಆರಿಸಿ, ಎರಡು ಬಗೆಯ ಗುಂಡಿಗೆ ತಲಾ 20 ಹೊಡೆದು ವೇಗವನ್ನೂ ಗ್ರೂಪನ್ನೂ ಒಟ್ಟಿಗೇ ಅಳೆಯಿರಿ. ಕ್ರೋನೋಗ್ರಾಫ್ ನಳಿಗೆಗೆ ಕಟ್ಟುವ ತರಹದ್ದಾದರೆ ಆ ದಿನದ ಗ್ರೂಪ್ ಲೆಕ್ಕಕ್ಕಿಲ್ಲ, ಅದರ ಭಾರಕ್ಕೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಉಳಿದ 40 ಗುಂಡನ್ನು ಗೆದ್ದ ಲೋಡ್‌ಗೆ ಕೊಡಿ. ಎರಡು ಬೇರೆ ದಿನ, ಬೇರೆ ಬಿಸಿಲು, ಸಾಧ್ಯವಾದಷ್ಟು ದೂರದ ಟಾರ್ಗೆಟ್. ಎರಡೂ ದಿನ ಮೇಲೆ-ಕೆಳಗಿನ ಹರವು ಹತ್ತಿರ ಹತ್ತಿರ ಬಂದರೆ ತಕ್ಕಡಿ ಮುಚ್ಚಿಟ್ಟು, ಅದೇ ಲಾಟ್‌ನ ಮದ್ದು ಮತ್ತು ಗುಂಡನ್ನು ನಳಿಗೆಯ ಆಯಸ್ಸಿಗಾಗುವಷ್ಟು ತೆಗೆದಿಡಿ. ಮಿಕ್ಕ ಗುಂಡುಗಳನ್ನೆಲ್ಲ ಗಾಳಿ ಇರುವ ದಿನಗಳಲ್ಲೇ ಹೊಡೆಯಿರಿ.