ಮರ್ಸೆನ್ ಅವಿಭಾಜ್ಯ: 2147483647

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ದ್ವಿಗುಣಿಸುತ್ತಾ 31ನೇ ಮನೆಗೆ ಬಂದು ನಿಂತರೆ ಮಣೆಯ ಮೇಲಿನ ಒಟ್ಟು ಕಾಳು 2147483647. ಅಂದರೆ 214 ಕೋಟಿ 74 ಲಕ್ಷ 83 ಸಾವಿರದ 647. ಇಷ್ಟೊಂದು ಕಾಳುಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಲು ಹೊರಟರೆ ಆಗುವುದೇ ಇಲ್ಲ. ಒಂದೇ ಉದ್ದ ಸಾಲಿನಲ್ಲಿ ಇಡಬೇಕು, ಇಲ್ಲವೇ ಒಂದೊಂದನ್ನೇ ಬಿಡಿಬಿಡಿಯಾಗಿ ಇಡಬೇಕು. 1 ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯ ಸಂಖ್ಯೆ ಇದು.

2ರ ಯಾವುದಾದರೂ ಘಾತದಿಂದ 1 ಕಳೆದಾಗ ಸಿಗುವ ಅವಿಭಾಜ್ಯಕ್ಕೆ ಮರ್ಸೆನ್ ಅವಿಭಾಜ್ಯ ಎಂದು ಹೆಸರು. 1644ರಲ್ಲಿ ಇಂಥವುಗಳ ಪಟ್ಟಿ ಕೊಟ್ಟ ಫ್ರೆಂಚ್ ಸನ್ಯಾಸಿ ಮರಾನ್ ಮರ್ಸೆನ್ ಅವರಿಂದ ಬಂದದ್ದು. ಘಾತಾಂಕವೇ ಅವಿಭಾಜ್ಯವಾಗಿರಬೇಕು, ಆದರೆ ಅಷ್ಟೇ ಸಾಲದು. 11 ಅವಿಭಾಜ್ಯವಾದರೂ 2ರ 11ನೇ ಘಾತದಿಂದ 1 ಕಳೆದರೆ ಬರುವ 2047 ಒಡೆಯುತ್ತದೆ: 23 × 89.

ಆ ಎರಡು ಅಪವರ್ತನಗಳನ್ನು ಸ್ವಲ್ಪ ಹೊತ್ತು ನೋಡಿ. 23 ಎಂದರೆ 22 ಕೂಡಿಸು 1, 89 ಎಂದರೆ 88 ಕೂಡಿಸು 1. ಎರಡರಲ್ಲೂ 11ರ ನೆರಳಿದೆ. 8ರಿಂದ ಭಾಗಿಸಿದರೆ ಒಂದಕ್ಕೆ ಶೇಷ 7, ಇನ್ನೊಂದಕ್ಕೆ 1. ಇದು ಕಾಕತಾಳೀಯವಲ್ಲ, ನಿಯಮ. ಇಂಥ ಸಂಖ್ಯೆ ಒಡೆಯುವುದಾದರೆ ಈ ಎರಡೂ ಗುಣವಿರುವ ಸಂಖ್ಯೆಗಳಿಂದ ಮಾತ್ರ ಒಡೆಯಬೇಕು.

18ನೇ ಶತಮಾನದ ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹಿಡಿದದ್ದು ಇದೇ ಎಳೆಯನ್ನು. ಒಡೆಯುವ ಸಂಖ್ಯೆಗೆ ಅದರ ವರ್ಗಮೂಲದೊಳಗೇ ಒಂದು ಅವಿಭಾಜ್ಯ ಅಪವರ್ತನ ಸಿಗಬೇಕು. 2147483647ರ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಮಿಗಿಲು. ಆದರೆ 31ಕ್ಕೆ ನಿಯಮವನ್ನು ಹೊಂದಿಸಿದರೆ, 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು. ಅವು 400ಕ್ಕಿಂತ ಕಡಿಮೆ, ಅವುಗಳಲ್ಲಿ ಅವಿಭಾಜ್ಯಗಳು ಇನ್ನೂ ಕಡಿಮೆ. ಅಂಥ ಅವಿಭಾಜ್ಯಗಳಲ್ಲಿ ಮೊದಲು ಸಿಗುವುದು 311. ಭಾಗಿಸಿ ನೋಡಿ: ಭಾಗಲಬ್ಧ 6905092, ಶೇಷ 35. ಮುಂದಿನದಕ್ಕೆ ಹೋಗಬೇಕು. ಕೊನೆಯವರೆಗೂ ಯಾವುದೂ ನಿಶ್ಶೇಷವಾಗಿ ಭಾಗಿಸಲಿಲ್ಲ. 1772ರಲ್ಲಿ ಬರೆದ ಒಂದು ಪತ್ರದಲ್ಲಿ ಆಯ್ಲರ್ ಈ ಫಲಿತಾಂಶ ತಿಳಿಸಿದರು. ಆಗ ಅವರಿಗೆ ಕಣ್ಣು ಬಹುಮಟ್ಟಿಗೆ ಕಾಣುತ್ತಿರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ಭಾಗಾಕಾರಗಳ ಮೇಲೆ ಗೌರವ ಇಮ್ಮಡಿಯಾಗುತ್ತದೆ.

ಪ್ರೋಗ್ರಾಮ್ ಬರೆಯುವವರಿಗೆ ಈ ಸಂಖ್ಯೆ ಬೇರೆ ಕಾರಣಕ್ಕೆ ಪರಿಚಿತ. ದ್ವಿಮಾನ ಪದ್ಧತಿಯಲ್ಲಿ ಇದು ಸಾಲಾಗಿ 31 ಒಂದುಗಳು. ಚಿಹ್ನೆಗೆ ಒಂದು ಬಿಟ್ ಮೀಸಲಿಟ್ಟ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ.

1811ರಲ್ಲಿ ಇಂಗ್ಲಿಷ್ ಗಣಿತಜ್ಞ ಪೀಟರ್ ಬಾರ್ಲೊ, ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಗಿಂತ) ದೊಡ್ಡದನ್ನು ಯಾರೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಕೆಲಸಕ್ಕೆ ಯಾರು ಕೈಹಾಕುತ್ತಾರೆ ಎಂಬರ್ಥದ ಮಾತು ಬರೆದರು. 1876ರಲ್ಲಿ ಫ್ರೆಂಚ್ ಗಣಿತಜ್ಞ ಎದ್ವಾರ್ ಲುಕಾಸ್ 2ರ 127ನೇ ಘಾತದಿಂದ 1 ಕಳೆದ, 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ತೋರಿಸಿದರು. ಅದಕ್ಕಾಗಿ ಅವರು ಒಂದೊಂದೇ ಅಪವರ್ತನ ಹುಡುಕುವ ದಾರಿಯನ್ನೇ ಬಿಟ್ಟಿದ್ದರು.