ಅಂಗಾಲಿನ ಉರಿ, ಅಂಗಾಲಿನ ಮೌನ

ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ಅಂಗಾಲು ಉರಿಯತೊಡಗುತ್ತದೆ. ಹೊದಿಕೆಯ ಅಂಚು ಬೆರಳಿಗೆ ಸೋಕಿದರೂ ಸೂಜಿ ಚುಚ್ಚಿದಂತಾಗುತ್ತದೆ. ಹಗಲಿನಲ್ಲಿ ಅದೇ ಪಾದ ಜೋಮು ಹಿಡಿದು, ಹತ್ತಿಯ ಮೇಲೆ ನಡೆದಂತೆ ಭಾಸವಾಗುತ್ತದೆ. ಮಧುಮೇಹವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ನರಗಳು ಹಾನಿಗೊಳ್ಳುತ್ತವೆ. ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಹೆದರಬೇಕಾದದ್ದು ಅದಕ್ಕೇ.

ಕೇಡು ಪಾದದಿಂದಲೇ ಏಕೆ ಆರಂಭವಾಗುತ್ತದೆ? ಬೆನ್ನುಹುರಿಯ ಪಕ್ಕದ ಜೀವಕೋಶದಿಂದ ಹೊರಟು ಕಾಲ್ಬೆರಳಿನ ತುದಿ ಮುಟ್ಟುವ ನರತಂತು ಸುಮಾರು 1 ಮೀಟರ್ ಉದ್ದವಿರುತ್ತದೆ. ತುದಿಗೆ ಬೇಕಾದ ಪ್ರೋಟೀನುಗಳಲ್ಲಿ ಬಹುಪಾಲು ಅಷ್ಟು ದೂರದಿಂದಲೇ ಸಾಗಿ ಬರಬೇಕು. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ನರದೊಳಗೆ ಆ ಸಕ್ಕರೆಯಿಂದ ಹುಟ್ಟುವ ಸಾರ್ಬಿಟಾಲ್ ಎಂಬ ವಸ್ತು ಶೇಖರವಾಗುತ್ತದೆ, ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ಸೊರಗುತ್ತವೆ, ನರಕ್ಕೆ ರಕ್ತ ಉಣಿಸುವ ಸೂಕ್ಷ್ಮನಾಳಗಳು ಕಿರಿದಾಗುತ್ತವೆ. ಎಲ್ಲಕ್ಕಿಂತ ಉದ್ದದ ತಂತುವೇ ಮೊದಲು ಸೋಲುವುದರಿಂದ ಜೋಮು ಕಾಲುಚೀಲ ಎಳೆದುಕೊಂಡಂತೆ ಮೇಲೇರುತ್ತದೆ. ಅದು ಮೊಣಕಾಲಿನ ಹತ್ತಿರ ಬರುವ ವೇಳೆಗೆ ಕೈಬೆರಳುಗಳೂ ಮರಗಟ್ಟತೊಡಗುತ್ತವೆ. ಹಾನಿಗೊಂಡ ತಂತುಗಳು ಕಾರಣವಿಲ್ಲದೆ ಮಿಡಿದು ಮಿದುಳಿಗೆ ಕಳಿಸುವ ಸುಳ್ಳು ಸುದ್ದಿಯೇ ಉರಿ.

ಆ ಸುದ್ದಿಯ ಸದ್ದಡಗಿಸಲು ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರೆಗಬಾಲಿನ್ ಮೊದಲಾದ ಔಷಧಗಳಿವೆ. ಈ ಮೂರನ್ನೂ ಹೋಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯಾವುದರಿಂದ ಆರಂಭಿಸಿದರೂ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತು. ಒಂದರಿಂದ ಸಾಲದವರಿಗೆ ಎರಡನ್ನು ಜೊತೆಯಾಗಿ ಕೊಟ್ಟಾಗ ಇನ್ನಷ್ಟು ಉಪಶಮನ ದೊರೆಯಿತು. ಇವು ನರವನ್ನು ದುರಸ್ತಿ ಮಾಡುವುದಿಲ್ಲ ಎಂಬುದನ್ನು ಮಾತ್ರ ಮುಚ್ಚಿಡಬಾರದು. ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಮಾತ್ರೆಯನ್ನು ಬಹುಕಾಲ ಸೇವಿಸಿದವರಲ್ಲಿ ಬಿ12 ಜೀವಸತ್ವ ಕುಗ್ಗಿಯೂ ಇಂಥದೇ ಜೋಮು ಬರಬಹುದು. ಆ ಕೊರತೆಯನ್ನು ತುಂಬಿಕೊಡಬಹುದಾದ್ದರಿಂದ ಪರೀಕ್ಷಿಸದೆ ಬಿಡಬಾರದು.

ಇನ್ನು ಮೌನದ ಸಂಗತಿ. ಕುಷ್ಠರೋಗ ಪೀಡಿತರ ನಡುವೆ ದುಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ಆ ರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲ, ನೋವು ತಿಳಿಯದ ಕಾರಣ ದಿನನಿತ್ಯದ ಪೆಟ್ಟುಗಳಿಂದ ಸವೆದುಹೋಗುತ್ತವೆ ಎಂದು ತೋರಿಸಿಕೊಟ್ಟರು. ಮಧುಮೇಹಿಯ ಪಾದಕ್ಕೂ ಇದೇ ಅನ್ವಯಿಸುತ್ತದೆ. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಕಣ್ಣು ಮುಚ್ಚಿರುವ ರೋಗಿಯನ್ನು ‘ತಿಳಿಯಿತೇ?’ ಎಂದು ಕೇಳುತ್ತಾರೆ. ಬಾಗಿದ ಎಳೆಯ ಸ್ಪರ್ಶವೂ ತಿಳಿಯಲಿಲ್ಲವೆಂದರೆ, ಪಾದದ ಕಾವಲನ್ನು ಕಣ್ಣಿಗೂ ಕೈಗೂ ವಹಿಸಬೇಕಾದ ಕಾಲ ಬಂತೆಂದೇ ಅರ್ಥ. ಪ್ರತಿದಿನ ಕನ್ನಡಿ ಹಿಡಿದು ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಬೇಕು. ನೀರಿನ ಬಿಸಿಯನ್ನು ಪಾದದಿಂದ ಅಳೆಯದೆ ಮೊಣಕೈಯಿಂದ ಅಳೆಯಬೇಕು.

ಭರವಸೆಗೆ ಆಧಾರವೂ ಇದೆ. 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ಟೈಪ್ 1 ಮಧುಮೇಹಿಗಳಲ್ಲಿ ನರಹಾನಿ ಸುಮಾರು ಶೇಕಡಾ 60ರಷ್ಟು ಕಡಿಮೆಯಾದುದನ್ನು ಕಂಡಿತು. ಟೈಪ್ 2ರಲ್ಲಿ ಲಾಭ ಇದಕ್ಕಿಂತ ಸಾಕಷ್ಟು ಚಿಕ್ಕದು. ಬಹುಕಾಲ ಹೆಚ್ಚಿದ್ದ ಸಕ್ಕರೆಯನ್ನು ದಿಢೀರನೆ ಇಳಿಸಿದರೆ ಕೆಲವರಲ್ಲಿ ಉರಿ ತಾತ್ಕಾಲಿಕವಾಗಿ ಉಲ್ಬಣಿಸುವುದೂ ಉಂಟಾದ್ದರಿಂದ ಅವಸರ ಸಲ್ಲದು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬೇರೆಯದು: 3 ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೆಲವು ವಾರ ಕ್ರಮವಾಗಿ ವ್ಯಾಯಾಮ ಮಾಡಿದವರ ಚರ್ಮದಲ್ಲಿ ನರತಂತುಗಳು ಹೊಸ ಕವಲೊಡೆದಿದ್ದವು. ಅಧ್ಯಯನ ಚಿಕ್ಕದೇ, ಆದರೆ ಚಿಗುರುವ ಶಕ್ತಿ ನರಕ್ಕೆ ಇನ್ನೂ ಇದೆ ಎಂಬುದಂತೂ ಕಣ್ಣಿಗೆ ಬಿತ್ತು. ನಡೆಯುವುದೇ ಆ ವ್ಯಾಯಾಮವಾದರೆ, ಹೊರಡುವ ಮುನ್ನ ಶೂ ಒಳಗೆ ಕೈಯಿಟ್ಟು ಹಿಮ್ಮಡಿಯಿಂದ ಮುಂತುದಿಯವರೆಗೆ ಒಮ್ಮೆ ತಡವಬೇಕು. ಅಂಗಾಲಿಗೆ ತಿಳಿಯದ ಹರಳು ಬೆರಳಿಗೆ ಸಿಗುತ್ತದೆ.